ಮಾದಕ ಚಟ ಮತ್ತು ಅಪರಾಧ: ಮೊದಲ ಕಳ್ಳತನ ನಮ್ಮ ಮನೆಯಲ್ಲೇ



ಕಾಮಾಕ್ಷಿಪಾಳ್ಯದ ಕಡೆಯ ಒಂದು ಸ್ವ-ಸಹಾಯ ಸಂಘದ ವಾರದ ಸಭೆ. ಎಲ್ಲರೂ ಉಳಿತಾಯದ ಹಣ ಕಟ್ಟಿ ಪಾಸ್‌ಬುಕ್ಕಿನಲ್ಲಿ ಬರೆಸಿಕೊಂಡರು. ಸಂಘದ ಪ್ರತಿನಿಧಿಯಾಗಿದ್ದ ಅಕ್ಕ ಮಾತ್ರ ಬರಲಿಲ್ಲ. "ಅಮ್ಮಂಗೆ ಜ್ವರ" ಅಂತ ಮಗಳ ಕೈಯಲ್ಲಿ ಹೇಳಿ ಕಳಿಸಿದ್ದರು. ಮುಂದಿನ ವಾರವೂ ಜ್ವರ. ಮೂರನೇ ವಾರ ಬಂದರು. ಬ್ಯಾಂಕಿಗೆ ಕಟ್ಟಬೇಕಿದ್ದ ಸಾಲದ ಕಂತು ತಮ್ಮ ಹತ್ತಿರವೇ ಇತ್ತು, ಹುಷಾರಿಲ್ಲದೆ ತಡವಾಯಿತು ಅಂತ ಹೇಳಿ ಪೂರ್ತಿ ಹಣ ಎಣಿಸಿ ಕೊಟ್ಟರು. ಯಾರೂ ಏನೂ ಕೇಳಲಿಲ್ಲ. ನಾವೂ ಕೇಳಲಿಲ್ಲ.

ಎರಡು ತಿಂಗಳಾದ ಮೇಲೆ ಅವರ ಮನೆಗೆ ಪೊಲೀಸರು ಬಂದರು. ಹತ್ತೊಂಬತ್ತು ವರ್ಷದ ಮಗ, ಸ್ನೇಹಿತನ ಬೈಕಿನ ಹಿಂದೆ ಕೂತು, ಮಾಗಡಿ ರಸ್ತೆಯಲ್ಲಿ ನಡೆದು ಹೋಗುತ್ತಿದ್ದವರ ಮೊಬೈಲ್ ಕಿತ್ತುಕೊಂಡಿದ್ದ. ಆಗ ಎಲ್ಲ ಹೊರಗೆ ಬಂತು. ಸಂಘದ ಹಣ ಬೀರುವಿನಿಂದ ಹೋಗಿತ್ತು. ತೆಗೆದವನು ಮಗನೇ. ತಾಯಿಗೆ ಅದು ಅವತ್ತೇ ಗೊತ್ತಾಗಿತ್ತು. ಮರ್ಯಾದೆಗೆ ಹೆದರಿ, ತಾಳಿಯ ಗುಂಡುಗಳನ್ನು ಗಿರವಿ ಇಟ್ಟು ಸಂಘದ ಹಣ ಕಟ್ಟಿದ್ದರು. ಅದಕ್ಕೂ ಮುಂಚೆ ಮನೆಯ ಮಿಕ್ಸಿ ಹೋಗಿತ್ತು, ತುಂಬಿದ ಗ್ಯಾಸ್ ಸಿಲಿಂಡರ್ ಹೋಗಿತ್ತು, ಮಗಳ ಕಿವಿಯ ಜುಮುಕಿ ಹೋಗಿತ್ತು. ಗಾಂಜಾದಿಂದ ಶುರುವಾದದ್ದು ಮಾತ್ರೆಗೆ ಹೋಗಿ ನಿಂತಿತ್ತು.

ಆ ಅಕ್ಕ ನಮ್ಮ ಮುಂದೆ ಹೇಳಿದ ಮಾತು ಇಷ್ಟೇ: "ಮಿಕ್ಸಿ ಹೋದ ದಿನಾನೇ ನಿಮ್ಮ ಹತ್ರ ಹೇಳಿದ್ರೆ ಅವ್ನು ಬರೀ ಕಾಯಿಲೆಯವ್ನು ಆಗಿರ್ತಿದ್ದ. ನಾನು ಮುಚ್ಚಿಟ್ಟೆ, ಅವ್ನು ಕಳ್ಳ ಆದ."

ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇವೆ. ಹೆಸರು, ಓಣಿ ಬೇಡ. ಯಾಕೆಂದರೆ ಈ ಕಥೆ ಒಂದು ಓಣಿಯದಲ್ಲ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ, ಎಲ್ಲ ಕಡೆಯ ಸಂಘಗಳಲ್ಲೂ ಹೀಗೆ "ಜ್ವರ" ಬಂದ ತಾಯಂದಿರಿದ್ದಾರೆ. ಚಟ ಅಪರಾಧಕ್ಕೆ ಹೇಗೆ ದಾರಿ ಮಾಡುತ್ತದೆ, ಆ ದಾರಿಯನ್ನು ಎಲ್ಲಿ ತಡೆಯಬಹುದು ಎಂಬುದನ್ನು ಈ ಬಾರಿ ಒಟ್ಟಿಗೆ ತಿಳಿದುಕೊಳ್ಳೋಣ.

ಚಟ ಅಂದರೇನು?

ಬಹಳ ಜನ ಚಟವನ್ನು ಕೊಬ್ಬು ಅಂತಲೋ, ಸಹವಾಸ ದೋಷ ಅಂತಲೋ ತಿಳಿಯುತ್ತಾರೆ. ಸಹವಾಸದಿಂದ ಶುರುವಾಗುವುದು ನಿಜ. ಆದರೆ ಅಮಲಿನ ವಸ್ತುವನ್ನು ಮತ್ತೆ ಮತ್ತೆ ತೆಗೆದುಕೊಂಡಾಗ ಮೆದುಳು ಅದಕ್ಕೆ ಒಗ್ಗಿಕೊಳ್ಳುತ್ತದೆ. ಮೊದಲು ಒಂದು ಸಾಕಾಗಿದ್ದಲ್ಲಿ ಈಗ ಮೂರು ಬೇಕು. ಸಿಗದಿದ್ದರೆ ಕೈ ನಡುಕ, ಬೆವರು, ವಾಂತಿ, ಮೈಕೈ ನೋವು, ನಿದ್ದೆ ಇಲ್ಲ, ಸಿಡುಕು. ಈ ಹಂತದಲ್ಲಿ ಮನುಷ್ಯ ಖುಷಿಗಾಗಿ ತೆಗೆದುಕೊಳ್ಳುವುದಿಲ್ಲ, ಆ ಸಂಕಟ ತಪ್ಪಿಸಿಕೊಳ್ಳಲು ತೆಗೆದುಕೊಳ್ಳುತ್ತಾನೆ. ಆದ್ದರಿಂದಲೇ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಕಾಯಿಲೆಗಳ ಪಟ್ಟಿಯಲ್ಲಿ ಸೇರಿಸಿದೆ. ಬಿಪಿ, ಶುಗರ್ ಹಾಗೆ ಇದಕ್ಕೂ ಬಹಳ ದಿನದ ಚಿಕಿತ್ಸೆ ಬೇಕು.

ನಮ್ಮ ಸುತ್ತಮುತ್ತ ಕಾಣುವ ಅಮಲುಗಳು ಯಾವುವು? ಮೊದಲನೆಯದು ಮದ್ಯ. ಆಮೇಲೆ ಗಾಂಜಾ. ಚಿಕ್ಕ ಮಕ್ಕಳಲ್ಲಿ ಪಂಚರ್ ಹಾಕುವ ಸೊಲ್ಯೂಷನ್, ವೈಟ್ನರ್, ಥಿನ್ನರ್ ಮೂಸುವುದು. ಹುಡುಗರಲ್ಲಿ ನೋವಿನ ಮಾತ್ರೆ, ನಿದ್ದೆ ಮಾತ್ರೆಗಳನ್ನು ನಶೆಗೆ ಬಳಸುವುದು. ಈಚಿನ ವರ್ಷಗಳಲ್ಲಿ ಎಂಡಿಎಂಎ ಎಂಬ ಪುಡಿ, ಮಾತ್ರೆ. ಇದು ಶ್ರೀಮಂತರ ಪಾರ್ಟಿಗೆ ಮಾತ್ರ ಅಂತ ನಾವು ಅಂದುಕೊಂಡಿದ್ದೆವು. ಈಗ ಹಾಗೆ ಹೇಳುವಂತಿಲ್ಲ.

ಕೇಂದ್ರ ಸಾಮಾಜಿಕ ನ್ಯಾಯ ಮತ್ತು ಸಬಲೀಕರಣ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ಆಸ್ಪತ್ರೆ ಮಾಡಿದ ಸಮೀಕ್ಷೆಯ ವರದಿ 2019ರಲ್ಲಿ ಬಂತು. ಅದರ ಪ್ರಕಾರ ದೇಶದಲ್ಲಿ ಸುಮಾರು 16 ಕೋಟಿ ಜನ ಮದ್ಯ ಸೇವಿಸುತ್ತಾರೆ, ಸುಮಾರು 3 ಕೋಟಿ ಜನ ಗಾಂಜಾ, ಭಂಗಿಯಂಥವನ್ನು ಬಳಸುತ್ತಾರೆ. ಮೂಸುವ ಅಮಲು ಮಾತ್ರ ದೊಡ್ಡವರಿಗಿಂತ ಮಕ್ಕಳಲ್ಲೇ ಹೆಚ್ಚು. ಇದಕ್ಕಿಂತ ನಮ್ಮನ್ನು ಯೋಚನೆಗೆ ಹಚ್ಚಿದ್ದು ಇನ್ನೊಂದು ಲೆಕ್ಕ. ಮದ್ಯದ ಚಟಕ್ಕೆ ಸಿಕ್ಕಿದ 38 ಜನರಲ್ಲಿ ಒಬ್ಬರಿಗೆ ಮಾತ್ರ ಏನಾದರೂ ಚಿಕಿತ್ಸೆ ಸಿಕ್ಕಿದೆ. ಮಾದಕ ವಸ್ತುಗಳ ವಿಷಯದಲ್ಲಿ 20 ಜನರಲ್ಲಿ ಒಬ್ಬರಿಗೆ. ಉಳಿದವರೆಲ್ಲ ಎಲ್ಲಿದ್ದಾರೆ? ಮನೆಯಲ್ಲಿದ್ದಾರೆ. ಅವರನ್ನು ಮುಚ್ಚಿಟ್ಟುಕೊಂಡು ತಾಯಿ, ಹೆಂಡತಿ, ಅಕ್ಕತಂಗಿಯರಿದ್ದಾರೆ.

ಚಟ ಅಪರಾಧಕ್ಕೆ ಹೇಗೆ ದಾರಿ ಮಾಡುತ್ತದೆ?

1985ರಲ್ಲಿ ಅಮೆರಿಕದ ಪಾಲ್ ಗೋಲ್ಡ್‌ಸ್ಟೀನ್ ಎಂಬ ಸಂಶೋಧಕರು ಮಾದಕ ವಸ್ತುವಿನಿಂದ ಹಿಂಸೆ ಹುಟ್ಟುವ ಮೂರು ದಾರಿಗಳನ್ನು ಬಿಡಿಸಿ ಹೇಳಿದರು. ಅಷ್ಟು ದೂರದ ಮಾತಾದರೂ ನಮ್ಮ ಓಣಿಗೆ ಸರಿಯಾಗಿ ಹೊಂದುತ್ತದೆ.

ಮೊದಲನೆಯದು ತಲೆಗೇರಿದ ಅಮಲು. ಅಮಲಿನಲ್ಲಿ ಸರಿ ತಪ್ಪು ತಿಳಿಯುವುದಿಲ್ಲ, ಸಣ್ಣ ಮಾತಿಗೂ ಕೈ ಎತ್ತುತ್ತಾರೆ. ಇಲ್ಲಿ ಒಂದು ಸತ್ಯವನ್ನು ಮರೆಯಬಾರದು. ಹಿಂಸೆಯ ಜೊತೆ ಹೆಚ್ಚಾಗಿ ಕಾಣಿಸಿಕೊಳ್ಳುವ ಅಮಲು ಗಾಂಜಾ ಅಲ್ಲ, ಲೈಸೆನ್ಸ್ ಇರುವ ಅಂಗಡಿಯಲ್ಲೇ ಸಿಗುವ ಮದ್ಯ. ಹೆಂಡತಿಗೆ ಹೊಡೆಯುವುದು, ರಸ್ತೆಯಲ್ಲಿ ಗಲಾಟೆ, ಕುಡಿದು ಗಾಡಿ ಓಡಿಸಿ ಯಾರದೋ ಜೀವ ತೆಗೆಯುವುದು, ಇವೆಲ್ಲ ಅಪರಾಧಗಳೇ. "ಕುಡಿದಿದ್ದೆ, ಗೊತ್ತಾಗಲಿಲ್ಲ" ಅಂದರೆ ಕಾನೂನು ಬಿಡುವುದಿಲ್ಲ. ತಾನೇ ಇಷ್ಟಪಟ್ಟು ಕುಡಿದವನಿಗೆ ಆ ನೆಪ ನಡೆಯುವುದಿಲ್ಲ.

ಎರಡನೆಯದು ಖಾಲಿಯಾದ ಜೇಬು. ದಿನಾ ಬೇಕು, ದಿನಾ ದುಡ್ಡು ಬೇಕು. ಕೆಲಸಕ್ಕೆ ಸರಿಯಾಗಿ ಹೋಗಲಾಗದೆ ಸಂಪಾದನೆ ನಿಲ್ಲುತ್ತದೆ, ಖರ್ಚು ಏರುತ್ತದೆ. ಮೊದಲು ಅಮ್ಮನ ಪರ್ಸು. ಆಮೇಲೆ ಮನೆಯ ಪಾತ್ರೆ, ಸಾಮಾನು. ಆಮೇಲೆ ನೆಂಟರಿಷ್ಟರ ಹತ್ತಿರ ಸುಳ್ಳು ಹೇಳಿ ಕೈಸಾಲ. ಆಮೇಲೆ ಕೆಲಸದ ಜಾಗದಲ್ಲಿ ಹಿತ್ತಾಳೆ ಚೂರು, ತಾಮ್ರದ ವೈರು. ಕೊನೆಗೆ ಬೀದಿಯಲ್ಲಿ ಹೋಗುವವರ ಮೊಬೈಲು, ಸರ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹೀಗೆ ಕಿತ್ತುಕೊಂಡು ಓಡುವುದನ್ನು ಪ್ರತ್ಯೇಕ ಅಪರಾಧವಾಗಿ ಹೇಳಲಾಗಿದೆ. ಮೂರು ವರ್ಷದವರೆಗೆ ಜೈಲು ಶಿಕ್ಷೆ ಆಗಬಹುದು.

ಮೂರನೆಯದು ವ್ಯಾಪಾರ. ಮಾದಕ ವಸ್ತುವಿನ ವ್ಯಾಪಾರಕ್ಕೆ ರಸೀದಿ ಇಲ್ಲ, ಕೋರ್ಟಿಲ್ಲ. ಮೋಸವಾದರೆ ಪಂಚಾಯಿತಿ ಚಾಕುವಿನಲ್ಲೇ. ಮಾರುವವರು ಮೊದಲು ಪುಕ್ಕಟೆ ಕೊಡುತ್ತಾರೆ, ಆಮೇಲೆ ಸಾಲ ಕೊಡುತ್ತಾರೆ. ಸಾಲ ತೀರಿಸಲಾಗದ ಹುಡುಗನಿಗೆ "ನಾಲ್ಕು ಪೊಟ್ಟಣ ಕೊಟ್ಟು ಬಾ, ನಿನ್ನ ಪಾಲು ಸಿಗುತ್ತೆ" ಅನ್ನುತ್ತಾರೆ. ಅಲ್ಲಿಗೆ ಸೇದುವವನು ಮಾರುವವನಾದ.

ಈ ವ್ಯಾಪಾರ ಎಷ್ಟು ಉದ್ದ ಹಬ್ಬಿದೆ ಅಂತ ತಿಳಿಯಲು ಒಂದು ಪ್ರಕರಣ ನೋಡಿ. 2020ರ ಸೆಪ್ಟೆಂಬರ್‌ನಲ್ಲಿ ನಮ್ಮ ಪಕ್ಕದ ಶೇಷಾದ್ರಿಪುರಂ ಪೊಲೀಸರು ಗಾಂಜಾ ಮಾರುತ್ತಿದ್ದ ಒಬ್ಬ ಆಟೋ ಚಾಲಕನನ್ನು ಹಿಡಿದರು. ಅವನ ಹತ್ತಿರ ಸಿಕ್ಕಿದ್ದು ಸುಮಾರು ಎರಡು ಕಿಲೋ. ಅದು ಎಲ್ಲಿಂದ ಬಂತು ಅಂತ ಜಾಡು ಹಿಡಿದು ಹೋದರೆ ಕಲಬುರಗಿ ಜಿಲ್ಲೆಯ ಕಾಳಗಿ ತಾಲ್ಲೂಕಿನ ಒಂದು ಕುರಿ ಸಾಕಣೆ ಶೆಡ್ಡಿಗೆ ತಲುಪಿದರು. ಅಲ್ಲಿ ನೆಲದೊಳಗೆ ಬಚ್ಚಿಟ್ಟಿದ್ದ 1,300 ಕಿಲೋಗೂ ಹೆಚ್ಚು ಗಾಂಜಾ ಸಿಕ್ಕಿತು. ಒಡಿಶಾದಿಂದ ತರಕಾರಿ ಸಾಗಿಸುವ ನೆಪದಲ್ಲಿ ಲಾರಿಯಲ್ಲಿ ತಂದದ್ದು. 2025ರ ಮಾರ್ಚ್‌ನಲ್ಲಿ ಮಂಗಳೂರು ಪೊಲೀಸರು ಬೆಂಗಳೂರಿನಲ್ಲೇ 37 ಕಿಲೋ ಎಂಡಿಎಂಎ ಹಿಡಿದರು. ಅದರ ಬೆಲೆ ಸುಮಾರು 75 ಕೋಟಿ ರೂಪಾಯಿ ಅಂತ ಹೇಳಿದರು.

ಒಡಿಶಾದಿಂದ ಕಲಬುರಗಿ, ಕಲಬುರಗಿಯಿಂದ ಬೆಂಗಳೂರಿನ ಆಟೋ, ಆಟೋದಿಂದ ನಮ್ಮ ಓಣಿಯ ಹುಡುಗನ ಜೇಬು. ಈ ಸರಪಳಿಯಲ್ಲಿ ಹೆಚ್ಚು ಲಾಭ ಮಾಡುವವನು ಮೇಲಿನ ತುದಿಯಲ್ಲಿದ್ದಾನೆ. ಸುಲಭವಾಗಿ ಸಿಕ್ಕಿಬೀಳುವವನು ಕೆಳಗಿನ ತುದಿಯಲ್ಲಿದ್ದಾನೆ, ಅವನು ನಮ್ಮ ಮಗ.

ಇದರ ಜೊತೆ ಇನ್ನೊಂದು ಮಾತನ್ನೂ ಹೇಳಲೇಬೇಕು. ಚಟ ಇರುವವರೆಲ್ಲ ಕಳ್ಳರಲ್ಲ. ಎಷ್ಟೋ ಜನ ತಮ್ಮ ದೇಹ, ತಮ್ಮ ಸಂಸಾರವನ್ನು ಹಾಳು ಮಾಡಿಕೊಳ್ಳುತ್ತಾರೆಯೇ ಹೊರತು ಬೇರೆಯವರ ಒಂದು ರೂಪಾಯಿ ಮುಟ್ಟುವುದಿಲ್ಲ. ಹಾಗೆಯೇ ಕಳ್ಳತನ ಮಾಡುವವರೆಲ್ಲ ಚಟದವರೂ ಅಲ್ಲ. ಓದು ಬಿಟ್ಟು, ಕೆಲಸ ಸಿಗದೆ, ಮನೆಯಲ್ಲಿ ದಿನಾ ಜಗಳ ನೋಡಿ ಬೆಳೆದ ಹುಡುಗನಿಗೆ ಚಟವೂ ಹತ್ತಬಹುದು, ಕಳ್ಳತನವೂ ಹತ್ತಬಹುದು. ಎರಡಕ್ಕೂ ಬೇರು ಒಂದೇ ಇರಬಹುದು. ಆದ್ದರಿಂದ ಪಕ್ಕದ ಮನೆಯ ಹುಡುಗ ಸೇದುತ್ತಾನೆ ಅಂತ ಗೊತ್ತಾದ ಕೂಡಲೇ ಅವನಿಗೆ "ಕಳ್ಳ" ಅಂತ ಹೆಸರಿಡಬೇಡಿ. ಆ ಹೆಸರು ಅಂಟಿಕೊಂಡರೆ ಕೆಲಸ ಕೊಡುವವರು ಇರುವುದಿಲ್ಲ. ಆಮೇಲೆ ಅವನಿಗೆ ಉಳಿಯುವ ದಾರಿ ಅದೊಂದೇ.

ಮುಚ್ಚಿಡುವುದು ಸೆರಗಿನಲ್ಲಿ ಕೆಂಡ ಕಟ್ಟಿಕೊಂಡಂತೆ

ಚಟ ಶುರುವಾದ ದಿನದಿಂದ ಪೊಲೀಸ್ ಸ್ಟೇಷನ್‌ವರೆಗೆ ಸಾಮಾನ್ಯವಾಗಿ ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಹಿಡಿಯುತ್ತವೆ. ಆ ಅವಧಿಯಲ್ಲಿ ನಡೆಯುವ ಕಳ್ಳತನಗಳಿಗೆ ದೂರು ಇರುವುದಿಲ್ಲ, ಯಾಕೆಂದರೆ ಕಳೆದುಕೊಂಡವರು ನಾವೇ. ಮೊದಲ ಬಲಿ ಹೆಂಗಸಿನ ಪರ್ಸು, ಹೆಂಗಸಿನ ಒಡವೆ, ಹೆಂಗಸಿನ ಚೀಟಿ ಹಣ. ಹಾಗಾಗಿ ಮೊದಲು ಗೊತ್ತಾಗುವುದೂ ನಮಗೇ.

ಆಗ ನಾವು ಏನು ಮಾಡುತ್ತೇವೆ? ಗಂಡನಿಗೆ ಗೊತ್ತಾದರೆ ಹೊಡೆಯುತ್ತಾನೆ ಅಂತ ಮುಚ್ಚಿಡುತ್ತೇವೆ. ಮಗಳಿಗೆ ಗಂಡು ಸಿಗುವುದಿಲ್ಲ ಅಂತ ಮುಚ್ಚಿಡುತ್ತೇವೆ. ಅವನ ಸಾಲವನ್ನು ನಾವೇ ತೀರಿಸುತ್ತೇವೆ. "ಇದೇ ಕೊನೆ ಅಮ್ಮ, ನಿನ್ನಾಣೆ" ಅಂದ ಕೂಡಲೇ ಕರಗಿ ಮತ್ತೆ ನೂರು ರೂಪಾಯಿ ಕೊಡುತ್ತೇವೆ. ಇದೆಲ್ಲ ಪ್ರೀತಿಯಿಂದಲೇ. ಆದರೆ ಪ್ರತಿ ಸಾರಿ ನಾವು ಸಾಲ ತೀರಿಸಿದಾಗ ಅವನಿಗೆ ಸಿಗುವ ಪಾಠ ಒಂದೇ: ಇನ್ನೂ ನಡೆಯುತ್ತದೆ. ಮನೆಯ ಸಾಮಾನು ಮುಗಿದ ದಿನ ಅವನು ಬೀದಿಗೆ ಇಳಿಯುತ್ತಾನೆ.

ಗಂಡನ ಚಟಕ್ಕೂ ಇದೇ ಮಾತು. 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆಯಲ್ಲಿ ಹೊಡೆತ ಬಡಿತ ಮಾತ್ರವಲ್ಲ, ಹೆಂಡತಿಯ ಸ್ತ್ರೀಧನ ಕಿತ್ತುಕೊಳ್ಳುವುದು, ಮನೆಖರ್ಚಿಗೆ ಕೊಡದಿರುವುದು ಕೂಡ ಹಿಂಸೆಯೇ. "ಕುಡಿದಾಗ ಮಾತ್ರ ಹಾಗೆ, ಒಳ್ಳೆಯವ್ರು" ಅಂತ ನಾವೇ ಸಮಾಧಾನ ಹೇಳಿಕೊಳ್ಳುವುದು ಬೇಡ.

ಕಾನೂನು ಏನು ಹೇಳುತ್ತದೆ?

ಮಾದಕ ವಸ್ತುಗಳ ಕಾಯಿದೆ ಬಂದದ್ದು 1985ರಲ್ಲಿ. ಇದನ್ನು ಎನ್‌ಡಿಪಿಎಸ್ ಕಾಯಿದೆ ಅನ್ನುತ್ತಾರೆ. ಇದರಲ್ಲಿ ಸೇವಿಸುವುದೂ ಅಪರಾಧ. ಗಾಂಜಾದಂಥದ್ದಾದರೆ ಆರು ತಿಂಗಳವರೆಗೆ, ಹೆರಾಯಿನ್, ಕೊಕೇನ್‌ನಂಥದ್ದಾದರೆ ಒಂದು ವರ್ಷದವರೆಗೆ ಶಿಕ್ಷೆ ಆಗಬಹುದು.

ಇಟ್ಟುಕೊಳ್ಳುವುದು, ಸಾಗಿಸುವುದು, ಮಾರುವುದು ಇದಕ್ಕಿಂತ ಬಹಳ ದೊಡ್ಡ ಅಪರಾಧ. ಶಿಕ್ಷೆ ತೂಕದ ಮೇಲೆ ನಿಂತಿದೆ. ಗಾಂಜಾ ಒಂದು ಕಿಲೋವರೆಗೆ ಸಣ್ಣ ಪ್ರಮಾಣ, ಅದಕ್ಕೆ ಒಂದು ವರ್ಷದವರೆಗೆ ಜೈಲು. 20 ಕಿಲೋ ಮೀರಿದರೆ ವಾಣಿಜ್ಯ ಪ್ರಮಾಣ, ಕನಿಷ್ಠ ಹತ್ತು ವರ್ಷ ಜೈಲು, ಕನಿಷ್ಠ ಒಂದು ಲಕ್ಷ ರೂಪಾಯಿ ದಂಡ, ಜಾಮೀನು ಸಿಗುವುದು ಬಹಳ ಕಷ್ಟ. ಎಂಡಿಎಂಎ ವಿಷಯದಲ್ಲಿ ಅರ್ಧ ಗ್ರಾಂ ಸಣ್ಣ ಪ್ರಮಾಣ, 10 ಗ್ರಾಂ ಮೀರಿದರೆ ವಾಣಿಜ್ಯ ಪ್ರಮಾಣ. ಹತ್ತು ಗ್ರಾಂ ಅಂದರೆ ಎರಡು ಚಮಚ ಸಕ್ಕರೆಯಷ್ಟು. "ಎರಡು ಸಾವಿರ ಕೊಡ್ತೀನಿ, ಈ ಬ್ಯಾಗ್ ತಲುಪಿಸಿ ಬಾ" ಅಂದವನ ಮಾತು ಕೇಳಿದ ಹುಡುಗ ಹತ್ತು ವರ್ಷ ಕಳೆದುಕೊಳ್ಳಬಹುದು. "ಬ್ಯಾಗಲ್ಲಿ ಏನಿತ್ತೋ ಗೊತ್ತಿರಲಿಲ್ಲ" ಅಂದರೆ ಸಾಲದು. ಗೊತ್ತಿರಲಿಲ್ಲ ಎಂಬುದನ್ನು ಅವನೇ ಕೋರ್ಟಿನಲ್ಲಿ ಸಾಬೀತು ಮಾಡಬೇಕು.

ತಾಯಂದಿರು ತಿಳಿದಿರಬೇಕಾದ ಇನ್ನೂ ಮೂರು ಮಾತುಗಳಿವೆ. ಒಂದು, ಗೊತ್ತಿದ್ದೂ ಮನೆಯಲ್ಲಿ ಮಾದಕ ವಸ್ತು ಇಡಲು, ಮಾರಲು ಬಿಟ್ಟರೆ ಮನೆಯವರ ಮೇಲೂ ಕೇಸಾಗುತ್ತದೆ. "ಮಗನ ಸ್ನೇಹಿತ ಇಟ್ಟು ಹೋಗಿದ್ದಾನೆ" ಅಂತ ಅಕ್ಕಿ ಡಬ್ಬದಲ್ಲಿ ಬಚ್ಚಿಡಬೇಡಿ. ಎರಡು, ಹೆಂಗಸರ ಮೈ ತಪಾಸಣೆಯನ್ನು ಹೆಂಗಸರೇ ಮಾಡಬೇಕು, ಇದು ಕಾಯಿದೆಯಲ್ಲೇ ಇದೆ. ಮೂರು, 2015ರ ಬಾಲ ನ್ಯಾಯ ಕಾಯಿದೆ ಪ್ರಕಾರ ಹದಿನೆಂಟು ತುಂಬದ ಮಗುವಿಗೆ ಮದ್ಯ, ತಂಬಾಕು, ಮಾದಕ ವಸ್ತು ಕೊಟ್ಟವರಿಗೂ, ಮಗುವಿನ ಕೈಯಲ್ಲಿ ಅಂಥದ್ದನ್ನು ಮಾರಿಸಿದವರಿಗೂ, ಸಾಗಿಸಿದವರಿಗೂ ಏಳು ವರ್ಷದವರೆಗೆ ಜೈಲು ಮತ್ತು ಒಂದು ಲಕ್ಷದವರೆಗೆ ದಂಡ ಇದೆ. ಶಾಲೆ ಪಕ್ಕದ ಅಂಗಡಿಯವರಿಗೆ ಈ ವಿಷಯ ತಿಳಿಸಿದರೆ ಸಾಕು, ಅರ್ಧ ಕೆಲಸ ಆಗುತ್ತದೆ.

ಇಷ್ಟು ಕಠಿಣವಾದ ಕಾಯಿದೆ ಒಂದು ಬಾಗಿಲನ್ನು ತೆರೆದಿಟ್ಟಿದೆ. ಬಹಳ ಜನಕ್ಕೆ ಇದು ಗೊತ್ತಿಲ್ಲ. ಆ ಕಾಯಿದೆಯ 64ಎ ಕಲಮಿನ ಪ್ರಕಾರ, ಸೇವನೆಯ ಅಥವಾ ಸಣ್ಣ ಪ್ರಮಾಣದ ಆಪಾದನೆ ಇರುವ ವ್ಯಸನಿ ತಾನಾಗಿಯೇ ಮುಂದೆ ಬಂದು, ಸರ್ಕಾರದ ಅಥವಾ ಸರ್ಕಾರ ಮಾನ್ಯ ಮಾಡಿದ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದರೆ ಆ ಅಪರಾಧಕ್ಕೆ ಅವನ ಮೇಲೆ ಮೊಕದ್ದಮೆ ನಡೆಸುವಂತಿಲ್ಲ. ಚಿಕಿತ್ಸೆಯನ್ನು ಮಾತ್ರ ಪೂರ್ತಿ ಮಾಡಬೇಕು. ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗಬಹುದು. ಪೋರ್ಚುಗಲ್ ದೇಶ 2001ರಿಂದ ಸ್ವಂತ ಬಳಕೆಗೆ ಸ್ವಲ್ಪ ಇಟ್ಟುಕೊಂಡವರನ್ನು ಜೈಲಿಗೆ ಕಳಿಸದೆ ಸಲಹಾ ಸಮಿತಿಯ ಮುಂದೆ ಕಳಿಸುತ್ತಿದೆ. ನಮ್ಮಲ್ಲಿ ಅಷ್ಟು ಇಲ್ಲದಿದ್ದರೂ ಈ ಒಂದು ಬಾಗಿಲು ಇದೆ.

ಆದರೆ ಈ ಬಾಗಿಲು ಕಳ್ಳತನಕ್ಕಿಲ್ಲ, ಮಾರಾಟಕ್ಕಿಲ್ಲ, ಹೊಡೆದಾಟಕ್ಕಿಲ್ಲ. ಮಗ ಬರೀ ಸೇದುವವನಾಗಿದ್ದಾಗ ಕರೆದುಕೊಂಡು ಹೋದರೆ ಕಾನೂನು ಅವನನ್ನು ಕಾಯಿಲೆಯವನು ಅಂತ ನೋಡುತ್ತದೆ. ಮೊಬೈಲ್ ಕಿತ್ತ ಮೇಲೆ ಹೋದರೆ ಆ ಕೇಸು ಉಳಿದೇ ಉಳಿಯುತ್ತದೆ. ಕಾಮಾಕ್ಷಿಪಾಳ್ಯದ ಅಕ್ಕನ ಮಾತಿನ ಅರ್ಥ ಇದೇ.

ಚಿಕಿತ್ಸೆ ಎಲ್ಲಿ, ಹೇಗೆ?

ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಗಾರ್ಮೆಂಟ್ಸ್, ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ಸಹೋದರಿಯರು ತಮ್ಮ ಇಎಸ್‌ಐ ಕಾರ್ಡಿನಲ್ಲಿ ಮನೆಯವರಿಗೆ ಯಾವ ಸೌಲಭ್ಯ ಸಿಗುತ್ತದೆ ಎಂದು ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯಲ್ಲಿ ವಿಚಾರಿಸಿ. ಎಲ್ಲಿ ಹೋಗಬೇಕು ಅಂತ ತಿಳಿಯದಿದ್ದರೆ ಮೊದಲು ಫೋನ್ ಮಾಡಿ. 14446 ವ್ಯಸನಮುಕ್ತಿ ಸಹಾಯವಾಣಿ. 14416 ಟೆಲಿ-ಮಾನಸ್, ಇದರಲ್ಲಿ ಕನ್ನಡದಲ್ಲೇ ಮಾತಾಡಬಹುದು. ಎರಡಕ್ಕೂ ದುಡ್ಡಿಲ್ಲ.

ಕೆಲವು ತಪ್ಪುಗಳನ್ನು ಮಾಡಬೇಡಿ. ದಿನಾ ಹೆಚ್ಚು ಕುಡಿಯುವವರನ್ನು ಕೋಣೆಯಲ್ಲಿ ಕೂಡಿಹಾಕಿ ಒಂದೇ ಸಲ ನಿಲ್ಲಿಸಬೇಡಿ. ಫಿಟ್ಸ್ ಬರಬಹುದು, ಮತಿ ಭ್ರಮಣೆಯಾಗಬಹುದು, ಪ್ರಾಣಕ್ಕೇ ಅಪಾಯವಾಗಬಹುದು. ನಿಲ್ಲಿಸುವಾಗ ಡಾಕ್ಟರ ಸಲಹೆ ಬೇಕು. "ಊಟದಲ್ಲಿ ಗೊತ್ತಾಗದ ಹಾಗೆ ಹಾಕಿ, ಕುಡಿತ ಬಿಡ್ತಾರೆ" ಅಂತ ಮಾರುವ ಪುಡಿಯನ್ನು ಕೊಳ್ಳಬೇಡಿ. ಅಂಥದ್ದರಲ್ಲಿ ಇರಬಹುದಾದ ಔಷಧಿ, ಮೇಲಿಂದ ಮದ್ಯ ಬಿದ್ದರೆ ಜೀವಕ್ಕೆ ಕುತ್ತು ತರಬಹುದು. ಹೊಡೆಯುವ, ಸರಪಳಿ ಹಾಕುವ ಕೇಂದ್ರಗಳಿಗೆ ಸೇರಿಸಬೇಡಿ. 2017ರ ಮಾನಸಿಕ ಆರೋಗ್ಯ ಕಾಯಿದೆ ಸರಪಳಿ ಹಾಕುವುದನ್ನು ನಿಷೇಧಿಸಿದೆ. ಖಾಸಗಿ ಕೇಂದ್ರಕ್ಕೆ ಹಣ ಕಟ್ಟುವ ಮೊದಲು ನೋಂದಣಿ ಪತ್ರ ತೋರಿಸಿ ಅಂತ ಕೇಳಿ, ಡಾಕ್ಟರು ಇದ್ದಾರಾ ನೋಡಿ.

ಬಿಟ್ಟವರು ಮತ್ತೆ ಶುರು ಮಾಡುವುದು ಸಾಮಾನ್ಯ. "ಇಷ್ಟು ಖರ್ಚು ಮಾಡಿದ್ದೆಲ್ಲ ನೀರಿನಲ್ಲಿ ಹೋಮ" ಅಂತ ಕೈ ಚೆಲ್ಲಬೇಡಿ. ಶುಗರ್ ಮತ್ತೆ ಏರಿದರೆ ಮತ್ತೆ ಡಾಕ್ಟರ ಹತ್ತಿರ ಹೋಗುವುದಿಲ್ಲವೇ? ಹಾಗೆಯೇ ಇದು. ಕುಡಿತ ಬಿಟ್ಟವರೇ ಸೇರಿ ನಡೆಸುವ ಆಲ್ಕೋಹಾಲಿಕ್ಸ್ ಅನಾನಿಮಸ್ ಸಭೆಗಳು ನಮ್ಮ ನಗರದಲ್ಲಿ ನಡೆಯುತ್ತವೆ. 1935ರಲ್ಲಿ ಅಮೆರಿಕದಲ್ಲಿ ಇಬ್ಬರು ಕುಡುಕರು ಪರಸ್ಪರ ಕೂತು ಮಾತಾಡಿದ್ದರಿಂದ ಶುರುವಾದ ಕೂಟ ಇದು. ಮನೆಯವರಿಗಾಗಿ ಅಲ್-ಅನಾನ್ ಎಂಬ ಕೂಟವಿದೆ. ಶುಲ್ಕವಿಲ್ಲ.

ಸಂಘ ಏನು ಮಾಡಬಹುದು?

2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು. ಅದಕ್ಕಾಗಿ ಹಳ್ಳಿ ಹಳ್ಳಿಗಳಲ್ಲಿ ದನಿ ಎತ್ತಿದವರು ನಮ್ಮಂಥ ಹೆಂಗಸರೇ. ಆದರೆ ಸಾರಾಯಿ ಹೋದ ಜಾಗಕ್ಕೆ ಕಡಿಮೆ ಬೆಲೆಯ ವಿಸ್ಕಿ, ರಮ್ ಪ್ಯಾಕೆಟ್ಟು ಬಂತು. ಅಂಗಡಿ ಮುಚ್ಚಿಸುವುದು ಬೇಕು, ಆದರೆ ಅಷ್ಟರಿಂದಲೇ ಚಟ ಬಿಡುವುದಿಲ್ಲ. ಚಟ ಹತ್ತಿದವನನ್ನು ಆಸ್ಪತ್ರೆ ಮುಟ್ಟಿಸುವ ಕೆಲಸ ಉಳಿದೇ ಇರುತ್ತದೆ. ಅದನ್ನು ಸಂಘ ಮಾಡಬಹುದು.

ಒಂದನೆಯದಾಗಿ, ಸಭೆಗೆ ಬಾರದ ಸದಸ್ಯರ ಮನೆಗೆ ಇಬ್ಬರು ಹೋಗಿ ಬನ್ನಿ. ಹಣ ಕೇಳಲು ಬೇಡ, "ಹೇಗಿದ್ದೀರಿ ಅಕ್ಕ" ಅಂತ ಕೇಳಲು. ಅಲ್ಲಿ ಕೇಳಿದ ಮಾತು ನಲ್ಲಿ ಹತ್ತಿರ ಹೋಗಬಾರದು. ಒಂದು ಸಾರಿ ಸುದ್ದಿ ಹರಡಿದರೆ ಮುಂದೆ ಯಾವ ತಾಯಿಯೂ ಬಾಯಿ ಬಿಡುವುದಿಲ್ಲ.

ಎರಡನೆಯದಾಗಿ, ಚಿಕಿತ್ಸೆಗೆ ಸಾಲ ಕೊಡಿ, ಚಟದ ಸಾಲ ತೀರಿಸಲು ಕೊಡಬೇಡಿ. ಆಸ್ಪತ್ರೆಗೆ ಹೋಗಿ ಬರುವ ಖರ್ಚು, ಆ ದಿನಗಳ ಕೂಲಿ ನಷ್ಟಕ್ಕೆ ಸಣ್ಣ ತುರ್ತು ಸಾಲ ಅಂತ ನಡಾವಳಿ ಪುಸ್ತಕದಲ್ಲಿ ಬರೆದು ತೀರ್ಮಾನಿಸಿ.

ಮೂರನೆಯದಾಗಿ, ಸಂಘದ ಹಣ ಯಾರ ಮನೆಯಲ್ಲೂ ರಾತ್ರಿ ಉಳಿಯದಿರಲಿ. ಸಂಗ್ರಹವಾದ ದಿನವೇ ಅಥವಾ ಮರುದಿನ ಇಬ್ಬರು ಸೇರಿ ಬ್ಯಾಂಕಿಗೆ ಕಟ್ಟಿ. ಪ್ರತಿನಿಧಿಯ ಮೇಲಿನ ಅಪನಂಬಿಕೆಯಿಂದಲ್ಲ, ಅವರ ರಕ್ಷಣೆಗೆ.

ನಾಲ್ಕನೆಯದಾಗಿ, ಓಣಿಯ ಔಷಧಿ ಅಂಗಡಿಯವರ ಜೊತೆ ಮಾತಾಡಿ. ಟ್ರಮಡಾಲ್‌ನಂಥ ನೋವಿನ ಮಾತ್ರೆ, ಅನೇಕ ನಿದ್ದೆ ಮಾತ್ರೆಗಳನ್ನು ಡಾಕ್ಟರ ಚೀಟಿ ಇಲ್ಲದೆ ಕೊಡುವಂತಿಲ್ಲ, ಮಾರಿದ್ದನ್ನು ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆಯಬೇಕು. ಸಂಘದ ಹತ್ತು ಜನ ಒಟ್ಟಿಗೆ ಹೋಗಿ ಹೇಳಿದರೆ ಆ ಮಾತಿಗೆ ತೂಕ ಇರುತ್ತದೆ.

ಐದನೆಯದಾಗಿ, ಮಾರುವವರ ಸುದ್ದಿ ಗೊತ್ತಾದರೆ ಒಬ್ಬರೇ ಹೋಗಿ ಜಗಳ ಮಾಡಬೇಡಿ. 1933 ಮಾದಕ ವಸ್ತು ಮಾಹಿತಿಗಾಗಿಯೇ ಇರುವ ರಾಷ್ಟ್ರೀಯ ಸಹಾಯವಾಣಿ. ತುರ್ತಿದ್ದರೆ 112. ಮಕ್ಕಳನ್ನು ಬಳಸಿಕೊಳ್ಳುತ್ತಿದ್ದರೆ 1098. ಮನೆಯಲ್ಲಿ ಹಿಂಸೆ ಇದ್ದರೆ 181. ಕೇಸಾಗಿ ವಕೀಲರಿಗೆ ಹಣವಿಲ್ಲದಿದ್ದರೆ 15100, ಕಾನೂನು ಸೇವಾ ಪ್ರಾಧಿಕಾರ. ಹೆಂಗಸರಿಗೆ, ಮಕ್ಕಳಿಗೆ, ಬಂಧನದಲ್ಲಿರುವವರಿಗೆ ಆದಾಯ ನೋಡದೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ.

ಆ ಅಕ್ಕನ ಮನೆ ಈಗ

ಕೇಳಬೇಕು ಅಂತ ನಿಮಗೂ ಅನಿಸಿರಬಹುದು. ಮಗನಿಗೆ ಜಾಮೀನು ಸಿಕ್ಕಿತು. ಕೇಸು ಇನ್ನೂ ನಡೆಯುತ್ತಿದೆ, ವಾಯಿದೆಗೆ ಹೋಗಿ ಬರಬೇಕು. ಆಸ್ಪತ್ರೆಯ ಚಿಕಿತ್ಸೆ ನಡೆಯುತ್ತಿದೆ. ನಡುವೆ ಒಂದು ಸಾರಿ ಜಾರಿದ, ಮತ್ತೆ ಕರೆದುಕೊಂಡು ಹೋದರು. ಹಳೆಯ ವರ್ಕ್‌ಶಾಪಿನವರು ಸೇರಿಸಿಕೊಳ್ಳಲಿಲ್ಲ. ಸಂಘದ ಸದಸ್ಯರೊಬ್ಬರ ತಮ್ಮನ ವೆಲ್ಡಿಂಗ್ ಅಂಗಡಿಯಲ್ಲಿ ಈಗ ಕೈಕೆಲಸ ಮಾಡುತ್ತಿದ್ದಾನೆ. ಸಂಬಳವನ್ನು ತಾಯಿಯ ಕೈಗೆ ಕೊಡಿ ಅಂತ ಅವನೇ ಹೇಳಿದನಂತೆ. ಗಿರವಿ ಇಟ್ಟ ಗುಂಡುಗಳನ್ನು ಇನ್ನೂ ಬಿಡಿಸಿಕೊಂಡಿಲ್ಲ.

ಆ ಅಕ್ಕ ಈಗ ಸಭೆ ತಪ್ಪಿಸುವುದಿಲ್ಲ. ಹೋದ ತಿಂಗಳು ಇನ್ನೊಬ್ಬ ಸದಸ್ಯೆ "ಜ್ವರ" ಅಂತ ಹೇಳಿ ಕಳಿಸಿದಾಗ, ಸಭೆ ಮುಗಿದ ಕೂಡಲೇ ಎದ್ದು ಅವರ ಮನೆಗೆ ಹೋದವರು ಇವರೇ.

ಸಂಘದಲ್ಲಿ ಚರ್ಚಿಸೋಣ

1. ನಮ್ಮ ಓಣಿಯಲ್ಲಿ ಹುಡುಗರಿಗೆ ಅಮಲಿನ ವಸ್ತು ಸುಲಭವಾಗಿ ಸಿಗುವುದು ಯಾವುದು? ಅದನ್ನು ತಡೆಯಲು ನಾವು ಯಾರ ಹತ್ತಿರ ಮಾತಾಡಬೇಕು?

2. ಚಿಕಿತ್ಸೆಗೆ ತುರ್ತು ಸಾಲ ಕೊಡುವ ಬಗ್ಗೆ ನಮ್ಮ ಸಂಘದ ನಿಯಮ ಏನು? ಇಲ್ಲದಿದ್ದರೆ ಇಂದೇ ಮಾಡಬಹುದೇ?

3. ಒಬ್ಬ ಸದಸ್ಯೆ ಮನೆಯ ಕಷ್ಟ ಹೇಳಿಕೊಂಡರೆ ಅದು ಸಂಘದಿಂದ ಹೊರಗೆ ಹೋಗದಂತೆ ನಾವು ಹೇಗೆ ನೋಡಿಕೊಳ್ಳುತ್ತೇವೆ?